ಒಂದೂವರೆ ಗೇಣು

ಮಾನ್ವಿಯ ಕಾಲೇಜಿನ ಬಾಸ್ಕೆಟ್‌ಬಾಲ್ ಅಂಕಣಕ್ಕೆ ಗೆರೆ ಎಳೆದ ದಿನ ಬೋರ್ಡುಗಳಿಗೆ ರಿಂಗ್ ಇರಲಿಲ್ಲ. ಕಂಬ ನಿಂತಿತ್ತು, ಬೋರ್ಡು ಕೂತಿತ್ತು, ರಿಂಗು ಮಾತ್ರ ಹೈದರಾಬಾದಿನಿಂದ ಬರಬೇಕಿತ್ತು. ನಾಲ್ಕು ದಿನ ಕಾಯೋಣ ಎಂದು ನಾನು ಹೇಳಿದೆ. ಅಂಕಣಕ್ಕೆ ಸಿಮೆಂಟ್ ಹಾಕಿಸಿಕೊಟ್ಟ ಅಕ್ಕಿ ಗಿರಣಿಯ ಸಾಹುಕಾರರು ಒಪ್ಪಲಿಲ್ಲ.

“ಶ್ರಾವಣದ ಕಡೀ ಸೋಮವಾರ ಐತ್ರೀ ಸರ. ಸ್ವಾಮ್ಯಾರು ಉದ್ಘಾಟನಿಗೆ ಬರ್ತೀನಂದಾರ. ರಿಂಗ್ ಇಲ್ಲಂದ್ರೇನಾತು, ಬೋರ್ಡಿಗೇ ಹಾರ ಹಾಕೂಣು. ಗೆರಿ ಮಾತ್ರ ಬರೋಬ್ಬರಿ ಹಾಕಿಸಿ ಇಡ್ರಿ. ಗೆರಿ ಇಲ್ಲಂದ್ರ ಮಂದಿ ಇದನ್ನ ಕಣ ಅಂತಾರ.”

ಮಾತು ಸುಳ್ಳಲ್ಲ. ಕಾಳು ಹರವಿ ಒಣಗಿಸಲು ಅಷ್ಟು ಅಗಲದ ನುಣುಪು ಸಿಮೆಂಟು ಆ ಸುತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ.

ರಾಯಚೂರಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ ನಿವೃತ್ತನಾಗಿದ್ದ ನನ್ನನ್ನು ಆ ವರ್ಷ ಮಾನ್ವಿಯವರು ತಮ್ಮ ಹುಡುಗಿಯರ ತಂಡಕ್ಕೆ ತರಬೇತಿ ಕೊಡಲು ಕರೆದಿದ್ದರು. ಅಲ್ಲಿ ಆ ಹುದ್ದೆ ಖಾಲಿ ಇತ್ತು. ಕನ್ನಡ ಪಾಠ ಮಾಡುವ ಮೇಡಂ ಒಬ್ಬರಿಗೆ ಕ್ರೀಡೆಯ ಉಸ್ತುವಾರಿ ವಹಿಸಿದ್ದರು. ನಾನು ದಿನವೂ ಮೊದಲ ಬಸ್ಸಿಗೆ ರಾಯಚೂರು ಬಿಟ್ಟು ಹೋಗಿ, ಅಭ್ಯಾಸ ಮಾಡಿಸಿ, ಬಿಸಿಲೇರುವ ಮೊದಲು ವಾಪಸು ಬರುತ್ತಿದ್ದೆ.

ಗೆರೆ ಎಳೆಯುವುದಕ್ಕೆ ನನ್ನದೊಂದು ಕ್ರಮವಿದೆ. ಮೊದಲು ನಾಲ್ಕು ಬದಿ. ಕರ್ಣಗಳನ್ನು ಅಳೆದು ಮೂಲೆ ಸರಿಮಾಡಬೇಕು. ಆಮೇಲೆ ನಡುಗೆರೆ, ಫ್ರೀ ಥ್ರೋ ಗೆರೆ. ಕೊನೆಗೆ ಮೂರು ಪಾಯಿಂಟಿನ ಕಮಾನು. ಇದರ ಹೊರಗಿನಿಂದ ಹಾಕಿದ ಚೆಂಡಿಗೆ ಮೂರು ಪಾಯಿಂಟು, ಒಳಗಿನಿಂದ ಹಾಕಿದರೆ ಎರಡೇ. ಕಮಾನು ಎಳೆಯಲು ಗೋಡೆ ಕಟ್ಟುವ ಗೌಂಡಿಯ ತೂಗುಗುಂಡನ್ನು ದಾರದಲ್ಲಿ ಮೇಲಿನಿಂದ ಇಳಿಬಿಟ್ಟು, ಅದು ನೆಲ ಮುಟ್ಟಿದಲ್ಲಿ ಮೊಳೆ ಹೊಡೆದು, ಮೊಳೆಗೆ ಹಗ್ಗ ಕಟ್ಟಿ, ಆರು ಮುಕ್ಕಾಲು ಮೀಟರಿಗೆ ಸೀಮೆಸುಣ್ಣ ಹಿಡಿದು ಸುತ್ತಬೇಕು. ಎರಡೂ ಬದಿ ಬದಿಗೆರೆಯ ಹತ್ತಿರ ಬಂದಾಗ ಕಮಾನು ಬಿಟ್ಟು ನೇರ ಗೆರೆ. ಎಷ್ಟೋ ಅಂಕಣಗಳಿಗೆ ನಾನು ಹೀಗೇ ಗೆರೆ ಎಳೆದಿದ್ದೇನೆ. ಅವತ್ತೂ ಹಾಗೇ ಎಳೆದೆ. ಗುಂಡನ್ನು ಬೋರ್ಡಿನ ಕೆಳಗಿನ ಅಂಚಿನಿಂದ ಇಳಿಬಿಟ್ಟೆ. ಬಣ್ಣ ಹಚ್ಚಲು ಬಂದ ಪೇಂಟರ್ ಒಮ್ಮೆ ಕೇಳಿದ.

“ಸರ, ಒಮ್ಮಿ ಫೋನಿನ್ಯಾಗ ನೋಡೂಣೇನ್ರಿ, ಇದು ಹೆಂಗ ಇರ್ತದಂತ?”

“ನಾ ಇದ್ದಾಗ ಫೋನ್ ಯಾಕಪಾ? ನೀ ಬಣ್ಣ ಕಲಸು.”

ಮುಂದಿನ ವಾರ ರಿಂಗು ಬಂದವು. ಕೂರಿಸಿದ ಮೇಲೆ ಎತ್ತರವನ್ನು ಮತ್ತೆ ಮತ್ತೆ ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಟೇಪು ಸುತ್ತಿ ಚೀಲಕ್ಕೆ ಹಾಕಿದೆ.

ತಂಡದಲ್ಲಿ ದೂರದಿಂದ ಚೆಂಡು ಹಾಕಬಲ್ಲವಳು ಒಬ್ಬಳೇ. ದೇವದುರ್ಗದವಳು, ಕೂಲಿ ಮಾಡುವವರ ಮಗಳು, ಮಾನ್ವಿಯಲ್ಲಿ ಹಾಸ್ಟೆಲಿನಲ್ಲಿದ್ದು ಪದವಿಯ ಕೊನೆಯ ವರ್ಷ ಓದುತ್ತಿದ್ದಳು. ಮಣಿಕಟ್ಟು ಮೃದು, ಚೆಂಡು ಬಿಟ್ಟ ಮೇಲೆ ಕೈ ಹಾಗೇ ಮೇಲೆ ನಿಲ್ಲುತ್ತಿತ್ತು. ಕಲಿಸದೆ ಬಂದ ಗುಣ ಅದು. ಮುಂದೆ ಏನು ಮಾಡುತ್ತೀ ಎಂದು ಒಮ್ಮೆ ಕೇಳಿದ್ದಕ್ಕೆ, “ನಿಮ್ಮಂಗ ಸೀಟಿ ಹಿಡಕೊಂಡು ನಿಂದ್ರಬೇಕ್ರಿ ಸರ” ಎಂದಿದ್ದಳು. ಉಳಿದವರು ನಕ್ಕರು. ಅವಳು ನಗಲಿಲ್ಲ. ಕೋಚ್ ಆಗಬೇಕೆಂದರೆ ಬಿ.ಪಿ.ಎಡ್. ಎಂಬ ದೈಹಿಕ ಶಿಕ್ಷಣದ ಪದವಿ ಓದಬೇಕು, ಅದರ ಪ್ರವೇಶಕ್ಕೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಪ್ರಮಾಣಪತ್ರವಿದ್ದರೆ ದೊಡ್ಡ ಆಸರೆ ಎಂಬುದನ್ನು ಅವಳು ವಿಚಾರಿಸಿ ಇಟ್ಟುಕೊಂಡಿದ್ದಳು. ವಿಶ್ವವಿದ್ಯಾಲಯದ ತಂಡವನ್ನು ಆರಿಸುವುದು ಅಂತರ ಕಾಲೇಜು ಪಂದ್ಯಾವಳಿಯಲ್ಲಿ. ಆ ವರ್ಷದ ಪಂದ್ಯಾವಳಿ ರಾಯಚೂರಿನಲ್ಲಿ, ಎಳ್ಳ ಅಮಾವಾಸ್ಯೆ ಮುಗಿದ ಮೇಲೆ. ಅವಳಿಗೆ ಅದು ಕೊನೆಯ ಅವಕಾಶ.

ನಾನು ಇಡೀ ಆಟವನ್ನು ಅವಳ ಸುತ್ತ ಕಟ್ಟಿದೆ. ನಮ್ಮ ಹುಡುಗಿಯರು ಎತ್ತರವಿಲ್ಲ. ರಿಂಗಿನ ಕೆಳಗೆ ನುಗ್ಗಿದರೆ ಎದುರಾಳಿಗಳು ತಡೆದುಬಿಡುತ್ತಾರೆ. ಆದ್ದರಿಂದ ಬಾಗಲವಾಡದ ಕ್ಯಾಪ್ಟನ್ ಚೆಂಡು ಬಡಿಯುತ್ತ ಬಲಕ್ಕೆ ಒಳನುಗ್ಗುವಂತೆ ಮಾಡಬೇಕು, ಎದುರಾಳಿಗಳು ಅವಳ ಕಡೆ ಸರಿಯಬೇಕು, ಇನ್ನೊಬ್ಬಳು ಅಡ್ಡ ನಿಂತು ದಾರಿ ಕಟ್ಟಬೇಕು; ಆಗ ದೇವದುರ್ಗದವಳು ರಿಂಗಿಗೆ ನೇರ ಎದುರು, ಕಮಾನಿನ ಹೊರಗೆ ಬಂದು ನಿಂತು ಚೆಂಡು ಹಿಡಿದು ಹಾಕಬೇಕು. ಕುರ್ಡಿ ಎಂಬ ಊರಿನ ಹುಡುಗಿ ಎಡಮೂಲೆಯಲ್ಲಿ ಕಾಯಬೇಕು, ಅಪರೂಪಕ್ಕೆ ಚೆಂಡು ಅಲ್ಲಿಗೆ ಹೋದರೆ ಹಾಕಲು. ಇಷ್ಟೇ. ಇದನ್ನೇ ದಿನವೂ ಮಾಡಿಸಿದೆ. ದೇವದುರ್ಗದವಳಿಗೆ ನನ್ನ ಆಜ್ಞೆ ಒಂದೇ: “ಗೆರಿ ನೋಡಬ್ಯಾಡ, ರಿಂಗ್ ನೋಡು. ಕಾಲಿಗೆ ಗೆರಿ ತಾನೇ ಗೊತ್ತಾಗಬೇಕು.” ದೀಪಾವಳಿ ಹೊತ್ತಿಗೆ ಅವಳ ಕಾಲಿಗೆ ಗೆರೆ ಗೊತ್ತಾಗಿತ್ತು. ಕಣ್ಣು ಮುಚ್ಚಿ ಓಡಿಬಂದು ನಿಂತರೂ ಹೆಬ್ಬೆರಳು ಗೆರೆಯ ಹೊರಗೇ ಇರುತ್ತಿತ್ತು.

ತಡವಾಗಿ ಬಂದವರನ್ನು ನಾನು ಅಂಕಣಕ್ಕೆ ಬಿಡುತ್ತಿರಲಿಲ್ಲ. ಕಾಲೇಜು ಸೇರುವ ಮೊದಲು ಸೈನ್ಯದಲ್ಲಿದ್ದಾಗ ಕಲಿತ ರೂಢಿ ಅದು, ಬಿಟ್ಟಿಲ್ಲ. ಒಂದು ಬೆಳಿಗ್ಗೆ ನಾನೇ ಅಂಕಣಕ್ಕೆ ಹೋಗಲಾರದೆ ನಿಂತೆ. ಅಂಚಿನಿಂದ ಅಂಚಿಗೆ ಭತ್ತ ಹರವಿತ್ತು. ಸಾಹುಕಾರರಿಗೆ ಫೋನ್ ಮಾಡಿದೆ.

“ಎರಡು ದಿನ ಬಿಡ್ರಿ ಸರ, ಗಿರಣ್ಯಾಗ ಜಾಗ ಇಲ್ಲ. ಹುಡುಗ್ಯಾರಿಗೂ ಆರಾಮ ಆಗ್ತದ.”

“ಸಾವುಕಾರ್ರ, ಗೆರಿ ಹಾಕಿದ್ರ ಮಂದಿ ಕಣ ಅನ್ನಂಗಿಲ್ಲ ಅಂದಿದ್ರಿ.”

“ಮಂದಿ ಎಲ್ಲಿ ಅಂದಾರ್ರಿ? ನಾನೇ ಅನ್ನಾಕತ್ತೀನಿ!” ಎಂದು ಅವರು ಜೋರಾಗಿ ನಕ್ಕರು.

ಎರಡು ದಿನ ಹೋಗಿ ವಾರವಾಯಿತು. ಅಭ್ಯಾಸ ನಿಲ್ಲಬಾರದೆಂದು ತಂಡವನ್ನು ದೇವದುರ್ಗಕ್ಕೆ ಕರೆದುಕೊಂಡು ಹೋಗಿ ಅಲ್ಲಿಯ ಕಾಲೇಜಿನ ತಂಡದ ಎದುರು ಆಡಿಸಿದೆ. ಅಲ್ಲಿಯದು ಮಣ್ಣಿನ ಅಂಕಣ. ಹೊರಗಿನ ಗೆರೆ ಬಿಟ್ಟರೆ ಬೇರೆ ಯಾವುದೂ ಉಳಿದಿರಲಿಲ್ಲ. ಮೂರೋ ಎರಡೋ ಎಂಬುದನ್ನು ಎರಡೂ ಕಡೆಯವರು ಅಂದಾಜಿನ ಮೇಲೆ ಒಪ್ಪಿಕೊಂಡು ಆಡಿದೆವು. ನಮ್ಮ ಹುಡುಗಿ ತನ್ನ ಊರಿನಲ್ಲಿ ಹಾಕಿದ್ದೆಲ್ಲ ಬಿತ್ತು. ಗೋಡೆಯ ಮೇಲೆ ಕೂತ ಮಂದಿ ಕೂಗಿ ಕೂಗಿ ಧ್ವನಿ ಕಳೆದುಕೊಂಡರು. ಆ ಸುದ್ದಿ ಅವಳ ಅಪ್ಪನಿಗೆ ಮುಟ್ಟಿ, ರಾಯಚೂರಿನ ಆಟಕ್ಕೆ ತಾನೂ ಬರುತ್ತೇನೆಂದು ಹೇಳಿ ಕಳಿಸಿದ. ಮಗಳು ಆಡುವುದನ್ನು ಆತ ಒಮ್ಮೆಯೂ ನೋಡಿರಲಿಲ್ಲ.

ರಾಯಚೂರಿನಲ್ಲಿ ಮೊದಲ ಪಂದ್ಯ ಸುಲಭದ್ದು. ಎದುರಾಳಿಗಳು ಹೊಸಬರು. ನಮ್ಮ ಆಟ ಹೇಳಿದಂತೆಯೇ ಸಾಗಿತು: ಕ್ಯಾಪ್ಟನ್ ನುಗ್ಗಿದಳು, ಎದುರಾಳಿಗಳು ಸರಿದರು, ದೇವದುರ್ಗದವಳು ಎದುರಿಗೆ ಬಂದು ಚೆಂಡು ಹಿಡಿದು ಹಾಕಿದಳು. ಬಿತ್ತು. ರೆಫರಿ ಎರಡು ಬೆರಳು ತೋರಿಸಿದರು. ಹೆಬ್ಬೆರಳು ಗೆರೆ ತುಳಿದಿತ್ತು. ಮತ್ತೊಮ್ಮೆಯೂ ಎರಡೇ. ಆಮೇಲೆ ಅವಳು ಕೆಳಗೆ ನೋಡಿಕೊಂಡು ಹಿಂದೆ ಸರಿದು ಹಾಕತೊಡಗಿದಳು. ಹಾಕಿದ್ದೆಲ್ಲ ರಿಂಗಿನ ಮುಂದಿನ ಅಂಚಿಗೆ ಬಡಿದು ವಾಪಸು ಬಂತು.

ಟೈಮ್ ಔಟ್ ಕೇಳಿದೆ. ಸುತ್ತ ಜನವಿತ್ತು. ಆಯ್ಕೆ ಸಮಿತಿಯ ಮೂವರು ಮೇಜಿನ ಹತ್ತಿರ ಕೂತಿದ್ದರು. ಅವಳ ಅಪ್ಪ ಹೆಗಲ ಮೇಲಿನ ಟವಲನ್ನು ಕೈಯಲ್ಲಿ ಹಿಡಿದು ಗೆರೆಯ ಪಕ್ಕದಲ್ಲೇ ನಿಂತಿದ್ದ.

“ಕಾಲು ಎಲ್ಲದಾವ ನೋಡ್ಕೊ! ಕಣ್ಣಿಗೆ ಗೆರಿ ಕಾಣಂಗಿಲ್ಲೇನು? ಇಷ್ಟು ದಿನ ಏನು ಕಲ್ತಿ ನೀ?”

“ಸರ, ರಿಂಗ್ ದೂರ ಅನಸಾಕತ್ತದ್ರಿ.”

“ರಿಂಗ್ ಎದ್ದು ನಡದು ಹೋಗಂಗಿಲ್ಲ. ನಿನ್ನ ಕಾಲು ಸೋತಾವ. ಅಪ್ಪ ಬಂದಾನಂತ ಅಂಜಿ.”

ನಾನು ಅವಳನ್ನು ಹೊರಗೆ ಕೂರಿಸಿದೆ. ಪಂದ್ಯ ಗೆದ್ದೆವು. ಕುರ್ಡಿಯ ಹುಡುಗಿ ಮೂಲೆಯಿಂದ ಹಾಕಿದ ಎರಡೂ ಬಿದ್ದಿದ್ದವು, ಎರಡಕ್ಕೂ ರೆಫರಿ ಮೂರು ಬೆರಳು ಎತ್ತಿದ್ದರು. ಅದು ನನ್ನ ತಲೆಯಲ್ಲಿ ಉಳಿಯಿತು. ಅಭ್ಯಾಸದಲ್ಲಿ ಹತ್ತಕ್ಕೆ ಮೂರು ಹಾಕುವವಳಿಗೆ ಸರಿ ಬರುವ ಗೆರೆ, ಹತ್ತಕ್ಕೆ ಏಳು ಹಾಕುವವಳಿಗೆ ಯಾಕೆ ದೂರವಾಗಬೇಕು?

ಮರುದಿನ ಸೆಮಿಫೈನಲ್. ಬೆಳಿಗ್ಗೆ ತಂಡ ಬರುವ ಮೊದಲೇ ಹೋಗಿ ಆ ಅಂಕಣವನ್ನು ಅಳೆದೆ. ಇವರು ತಪ್ಪು ಎಳೆದಿರಬೇಕು, ಹಿಡಿದು ತೋರಿಸಿ ದೂರು ಕೊಡುತ್ತೇನೆ ಎಂಬ ಹುಮ್ಮಸ್ಸಿನಲ್ಲೇ ಹೋಗಿದ್ದೆ. ಟೇಪಿನ ತುದಿಯನ್ನು ಹಿಡಿದು ರಿಂಗಿನ ನಡುವಿಗೆ ಸರಿಯಾಗಿ ಕೆಳಗೆ ಕುಕ್ಕರಗಾಲಲ್ಲಿ ಕೂತೆ. ಇನ್ನೊಂದು ತುದಿಯನ್ನು ಅಲ್ಲಿಯ ಮೈದಾನದ ಆಳು ಎಳೆದುಕೊಂಡು ಹೋದ. ಆರು ಮುಕ್ಕಾಲು. ಸರಿ ಇತ್ತು. ಏಳಬೇಕೆಂದು ಕತ್ತೆತ್ತಿದಾಗ ನೆತ್ತಿಯ ಮೇಲೆ ರಿಂಗು ಕಂಡಿತು. ಮಾನ್ವಿಯಲ್ಲಿ ಮೊಳೆ ಹೊಡೆಯುವಾಗ ನಾನು ಹೀಗೇ ಕೂತು ಕತ್ತೆತ್ತಿದ್ದೆ. ಆಗ ಕಂಡದ್ದು ಬೋರ್ಡಿನ ಅಂಚು, ಅದಕ್ಕೆ ಕಟ್ಟಿದ ಮಾವಿನೆಲೆಯ ತೋರಣ.

ಮಾನ್ವಿ ಕಾಲೇಜಿನ ವಾಚ್‌ಮನ್‌ಗೆ ಫೋನ್ ಮಾಡಿದೆ.

“ಕೋರ್ಟಿಗೆ ಹೋಗಿ ರಿಂಗಿನ ಕೆಳಗ ನಿಂದ್ರಪಾ. ಅಲ್ಲೊಂದು ಮೊಳಿ ಹೊಡದೀನಿ. ಎಲ್ಲದ ಹೇಳು.”

“ನಿಂತೀನ್ರಿ ಸರ. ಇಲ್ಲಿ ಮೊಳಿ ಇಲ್ಲಲ್ರಿ.”

“ಬರೋಬ್ಬರಿ ನೋಡು.”

“ಹಾಂ, ಸಿಕ್ತು ಸಿಕ್ತು. ನನ್ನ ಹಿಂದ ಅದರಿ. ಬೋರ್ಡಿನ ಕೆಳಗ.”

“ರಿಂಗಿನ ನಡುವಿಂದ ಎಷ್ಟು ಹಿಂದ?”

ಅವನು ಕೈಯಿಂದ ಅಳೆಯುತ್ತಿರಬೇಕು, ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿತು. “ಒಂದೂವರಿ ಗೇಣು ಆಗ್ತದ್ರಿ ಸರ. ಕೀಳ್ಲೇನ್ರಿ? ಯಾರಿಗಾರ ಕಾಲಿಗೆ ಚುಚ್ಚೀತು.”

ಬೇಡ ಎಂದು ಫೋನ್ ಇಟ್ಟೆ.

ಗುಂಡನ್ನು ಬಿಡಬೇಕಾದದ್ದು ಬೋರ್ಡಿನಿಂದಲ್ಲ, ಅದರಿಂದ ಮುಂದೆ ಚಾಚುವ ರಿಂಗಿನ ನಡುವಿನಿಂದ. ಮೊಳೆ ಹಿಂದೆ ಸರಿದಷ್ಟು ಕಮಾನೂ ಹಿಂದೆ ಸರಿದಿತ್ತು, ಅಂದರೆ ರಿಂಗಿಗೆ ಹತ್ತಿರವಾಗಿತ್ತು. ಎದುರಿನಲ್ಲಿ ಪೂರ್ತಿ ಒಂದೂವರೆ ಗೇಣು. ಮೂಲೆಯ ನೇರ ಗೆರೆಯನ್ನು ಬದಿಗೆರೆಯಿಂದ ಅಳೆಯುವುದರಿಂದ ಅದು ಮಾತ್ರ ಸರಿಯಾಗಿತ್ತು. ಕುರ್ಡಿಯವಳಿಗೆ ನಿಜವಾದ ದೂರ ಸಿಕ್ಕಿತ್ತು. ಇಡೀ ತಂಡದ ಆಟವನ್ನು ಹೊತ್ತವಳಿಗೆ ನಾನು ಸುಳ್ಳು ದೂರ ಕಲಿಸಿದ್ದೆ. ಕಾಲಿಗೆ ತಾನೇ ಗೊತ್ತಾಗುವಷ್ಟು ಗಟ್ಟಿಯಾಗಿ ಕಲಿಸಿದ್ದೆ.

ಮೇಡಂ ಬಂದಾಗ ಅವರಿಗೊಬ್ಬರಿಗೆ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: “ಈಗ ಹೇಳಬ್ಯಾಡ್ರಿ ಸರ. ಹುಡುಗ್ಯಾರು ಎದಿ ಒಡಕೊಂತಾರ. ಮ್ಯಾಚ್ ಮುಗೀಲಿ.”

ಅದು ತಂಡದ ಒಳಿತಿಗೆ ಹೇಳಿದ ಮಾತು. ನಾನು ಒಪ್ಪಿಕೊಂಡದ್ದು ತಂಡದ ಒಳಿತಿಗಲ್ಲ. ಅಷ್ಟು ದಿನ ಗಡಿಯಾರ ಹಿಡಿದು ನಿಂತು, ತಡವಾದವರನ್ನು ಹೊರಗೆ ನಿಲ್ಲಿಸಿ, ನಿನ್ನೆ ಅಷ್ಟು ಜನರೆದುರು ಕೂಗಾಡಿದವನು ಆ ಹುಡುಗಿಯರ ಮುಂದೆ ಹೋಗಿ ಗೆರೆ ತಪ್ಪಿದ್ದು ನಾನು ಎನ್ನಬೇಕಾಗಿತ್ತು. ಬೇಡವೆನ್ನಲು ಒಬ್ಬರು ಸಿಕ್ಕಿದರು. ನನಗೆ ಅಷ್ಟು ಸಾಕಾಯಿತು.

ನಿಜ ಹೇಳದೆಯೇ ತಪ್ಪನ್ನು ತಿದ್ದುವ ದಾರಿ ಹುಡುಕಿದೆ. ಮೂಲೆಯ ದೂರ ಸರಿ ಇದೆಯಲ್ಲ, ಅವಳನ್ನು ಅಲ್ಲಿ ನಿಲ್ಲಿಸಿದರಾಯಿತು.

“ಇವತ್ತು ನೀ ಎಡಮೂಲ್ಯಾಗ ನಿಂದ್ರು. ಎದುರಿಗೆ ಕುರ್ಡಿಯಾಕಿ ಬರಲಿ.”

“ಯಾಕ್ರಿ ಸರ?”

“ಹೇಳಿದಷ್ಟು ಮಾಡವ್ವಾ.”

ಕ್ಯಾಪ್ಟನ್ ಅವಳ ಭುಜ ತಟ್ಟಿ, “ನಡಿಯೇ, ಮೂಲ್ಯಾಗ ನೆಳ್ಳರ ಇರ್ತದ” ಎಂದು ನಗಿಸಲು ನೋಡಿದಳು. ಅವಳು ನಗಲಿಲ್ಲ. ನಿನ್ನೆಯ ಆಟಕ್ಕೆ ಇದು ಶಿಕ್ಷೆ ಎಂದು ತಿಳಿದುಕೊಂಡಿದ್ದಳು. ಮುಖದಲ್ಲೇ ಕಾಣುತ್ತಿತ್ತು. ನೋಡಿಯೂ ನಾನು ಸೀಟಿ ಬಾಯಿಗಿಟ್ಟುಕೊಂಡೆ.

ಎದುರಾಳಿಗಳು ಜಾಣರು. ಬಲಕ್ಕೆ ನುಗ್ಗಿದ ಕ್ಯಾಪ್ಟನ್‌ನಿಂದ ಎಡಮೂಲೆಗೆ ಚೆಂಡು ಹೋಗಬೇಕಾದರೆ ಇಡೀ ಅಂಕಣ ದಾಟಬೇಕು. ನಡುವೆ ಇಬ್ಬರು ಕೈ ಚಾಚಿ ನಿಂತರು. ಮೊದಲರ್ಧದಲ್ಲಿ ಅವಳ ಕೈಗೆ ಒಮ್ಮೆ ಚೆಂಡು ಸಿಕ್ಕಿತು, ಹಾಕಿದಳು, ಮೂರು. ಆಮೇಲೆ ಅಲ್ಲಿಗೆ ಚೆಂಡು ಬರಲೇ ಇಲ್ಲ. ಎದುರಿನಲ್ಲಿ ಕುರ್ಡಿಯವಳು ಖಾಲಿ ನಿಂತಿದ್ದರೂ ಹಾಕಲು ಅಂಜಿದಳು. ದೇವದುರ್ಗದವಳು ಎರಡು ಸಲ ತಾನೇ ಎದುರಿಗೆ ಓಡಿಬಂದಳು. “ಮೂಲಿ! ಮೂಲಿ!” ಎಂದು ನಾನೇ ಕೂಗಿ ಅಟ್ಟಿದೆ. ಸೋತೆವು.

ಸೋತ ಮೇಲೆ ಅವಳ ಅಪ್ಪ ನನ್ನ ಹತ್ತಿರ ಬಂದ. ಟವಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕೈ ಮುಗಿದ.

“ತಪ್ಪಾತ್ರಿ ಸರ. ನೀವು ಅಷ್ಟು ಕಷ್ಟಪಟ್ಟು ಕಲಿಸೀರಿ, ನನ್ನ ಮಗಳಿಂದ ನಿಮ್ಮ ಹೆಸರು ಹೋತು. ಹೊಟ್ಯಾಗ ಹಾಕ್ಕೋರ್ರಿ.”

ನಾನು ಅವನ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದೆ. ಅಷ್ಟರಲ್ಲಿ ಮೈಕಿನಲ್ಲಿ ವಿಶ್ವವಿದ್ಯಾಲಯ ತಂಡದ ಶಿಬಿರಕ್ಕೆ ಆಯ್ಕೆಯಾದವರ ಹೆಸರು ಓದತೊಡಗಿದರು. ನಮ್ಮ ಕ್ಯಾಪ್ಟನ್ ಹೆಸರು ಬಂತು. ದೇವದುರ್ಗದವಳದು ಬರಲಿಲ್ಲ; ಕಾಯ್ದಿಟ್ಟ ಆಟಗಾರರ ಪಟ್ಟಿಯಲ್ಲೂ ಬರಲಿಲ್ಲ.

ನಾನು ನೇರ ಸಮಿತಿಯ ಮೇಜಿಗೆ ಹೋದೆ. ಸಮಿತಿಯ ಹಿರಿಯ ಒಂದು ಕಾಲಕ್ಕೆ ನನ್ನ ಕೈಯಲ್ಲಿ ಕಲಿತವನು. ನನ್ನನ್ನು ಕಂಡು ಎದ್ದು ನಿಂತ. ಬೋರ್ಡು, ರಿಂಗು, ಮೊಳೆ, ಎಲ್ಲವನ್ನೂ ಹೇಳಿದೆ. ಸುತ್ತ ಬೇರೆ ಕಾಲೇಜುಗಳ ಕೋಚ್‌ಗಳೂ ಇದ್ದರು. ಧ್ವನಿ ತಗ್ಗಿಸಲಿಲ್ಲ.

“ಆಕಿಗೆ ಒಂದು ಸಲ ಚೆಂಡು ಕೊಟ್ಟು ನೋಡ್ರಿ. ಒಂದು ಹೆಜ್ಜಿ ಮುಂದಿಂದ ನೋಡ್ರಿ. ಕೈ ಸರಿ ಅದ. ಹಾದಿ ನಾನು ತಪ್ಪಿಸೀನಿ.”

ಅವನು ನೆಲ ನೋಡಿದ. “ಸರ್, ನಿನ್ನೆ ಆಕಿ ತಪ್ಪಿಸಿದ್ದನ್ನ ನಾವು ದೊಡ್ಡದು ಮಾಡಿರಲಿಲ್ರಿ. ಕೈ ಚೊಲೊ ಅದ ಅಂತ ಬರಕೊಂಡಿದ್ವಿ. ಇವತ್ತು ಎದುರಿಂದ ನೋಡೂಣು ಅಂತ ಕಾದ್ವಿ. ನೀವೇ ಆಕಿನ್ನ ಮೂಲಿಗೆ ಹಾಕಿದ್ರಿ. ಸರ್‌ಗೇ ನಂಬಿಕಿ ಇಲ್ಲಂದ್ರ ನಾವೇನು ಹೇಳೋಣಂತ ಬಿಟ್ವಿ. ಈಗ ಹೆಸರು ಓದಿ ಆಗೇದ.”

ಹಿಂದಿನಿಂದ ಯಾರೋ, “ನಮಗೆಲ್ಲ ಗೆರಿ ಹಾಕೋದು ಕಲಿಸಿದವರು ಇವ್ರೇ ನೋಡ್ರಿ” ಎಂದರು. ಒಬ್ಬಿಬ್ಬರು ನಕ್ಕರು. ತಿರುಗಿ ನೋಡಲಿಲ್ಲ.

ಗೆರೆ ಅವಳನ್ನು ಪೂರ್ತಿ ಕೆಡಿಸಿರಲಿಲ್ಲ. ಬೆಳಿಗ್ಗೆ ನಾನು ಬಾಯಿ ಮುಚ್ಚಿಕೊಂಡದ್ದು ಕೆಡಿಸಿತ್ತು.

ಹುಡುಗಿಯರು ಬೇವಿನ ಮರದ ಕೆಳಗೆ ಚೀಲ ಕಟ್ಟುತ್ತಿದ್ದರು. ಅಪ್ಪನೂ ಅಲ್ಲೇ ಇದ್ದ. ಎಲ್ಲರನ್ನೂ ಕೂರಿಸಿ, ನಾನು ನಿಂತೇ ಹೇಳಿದೆ. ರಿಂಗಿಲ್ಲದ ಬೋರ್ಡಿನಿಂದ ಗುಂಡು ಬಿಟ್ಟದ್ದು, ಇವತ್ತು ಬೆಳಿಗ್ಗೆಯೇ ಗೊತ್ತಾದದ್ದು, ಗೊತ್ತಾದ ಮೇಲೂ ಹೇಳದೆ ಮೂಲೆಗೆ ಕಳಿಸಿದ್ದು, ಹೆಸರು ಬಿಟ್ಟುಹೋದದ್ದು ಅದರಿಂದಲೇ ಎಂಬುದು. ಮೇಡಂ ಮಧ್ಯೆ ಬಾಯಿ ಹಾಕಿ, “ಬ್ಯಾಡಂದಾಕಿ ನಾನವ್ವಾ” ಎಂದರು. ಅವರನ್ನು ತಡೆದು, ತೀರ್ಮಾನ ನನ್ನದು ಎಂದೆ.

ಕುರ್ಡಿಯ ಹುಡುಗಿ ಮೊದಲು ಬಾಯಿ ಬಿಟ್ಟಳು. “ಅಂದ್ರ ನಾ ಹಾಕಿದ್ದು ಖರೇನ ಮೂರೇನ್ರಿ ಸರ?” ಕ್ಯಾಪ್ಟನ್ ಅವಳ ತೊಡೆಗೆ ಚಿವುಟಿದಳು.

ದೇವದುರ್ಗದವಳು ಬೂಟಿನ ಲೇಸು ಬಿಚ್ಚುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು.

“ಮುಂಜಾಲೆ ಯಾಕ ಹೇಳಲಿಲ್ರಿ ಸರ? ಒಂದೂವರಿ ಗೇಣು ಏನು ದೊಡ್ಡದ್ರಿ? ಇನ್ನಷ್ಟು ಮೊಣಕಾಲು ಬಗ್ಗಿಸಿ ಹಾಕತಿದ್ದೆ. ಗೊತ್ತಿದ್ರ ಹಾಕತಿದ್ದೆ.”

“ಏ ಯವ್ವಾ,” ಎಂದು ಅಪ್ಪ ಗದರಿದ, “ದೊಡ್ಡವರಿಗೆ ಹಂಗ ಕೇಳತಾರೇನು?”

“ಕೇಳಲಿ ಬಿಡ್ರಿ,” ಎಂದೆ. “ಆಕಿ ಕೇಳಿದ್ದು ಸರಿ ಅದ.”

ಉತ್ತರಕ್ಕೆ ಅಂಜಿದ್ದೆ ಎಂದರೆ ಸಾಕಿತ್ತು. ಹಿಂದಿನ ದಿನ ಅದೇ ಮಾತನ್ನು ಅವಳ ಮೇಲೆ ಎಸೆದವನು ನಾನು. ನನ್ನ ಬಗ್ಗೆ ಹೇಳಿಕೊಳ್ಳಲು ನಾಲಿಗೆ ಏಳಲಿಲ್ಲ.

ಬಿ.ಪಿ.ಎಡ್. ಅರ್ಜಿಯನ್ನು ಹೇಗಾದರೂ ಹಾಕು, ಓಡಾಡುವುದು ನನ್ನ ಕೆಲಸ ಎಂದೆ. ಹಾಕುತ್ತೇನೆ ಎಂದಷ್ಟೇ ಹೇಳಿ ಬೂಟನ್ನು ಚೀಲಕ್ಕೆ ತುರುಕಿದಳು. ರಜೆ ಇದ್ದುದರಿಂದ ಅವಳು ಅಪ್ಪನ ಜೊತೆ ಊರಿಗೆ ಹೊರಟಳು. ಉಳಿದವರು ಮೇಡಂ ಜೊತೆ ಮಾನ್ವಿಯ ಬಸ್ಸು ಹತ್ತಿದ ಮೇಲೆ ನಾನು ಇವರಿಬ್ಬರ ಜೊತೆ ದೇವದುರ್ಗದ ಬಸ್ಸು ನಿಲ್ಲುವಲ್ಲಿಗೆ ಹೋದೆ. ಸೀಟು ಸಿಕ್ಕಿತು. ಅಪ್ಪ ಕಿಟಕಿಯಿಂದ ಬಾಗಿ, ಅಷ್ಟೆಲ್ಲ ಕೇಳಿದ ಮೇಲೂ, ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿದ. ಮಗಳಿಗೂ ಮೊಣಕೈಯಿಂದ ತಿವಿದ.

ಅವಳು ಕೈ ಮುಗಿಯಲಿಲ್ಲ. ಬಸ್ಸು ತಿರುಗುವವರೆಗೂ ನನ್ನನ್ನೇ ನೋಡುತ್ತಿದ್ದಳು. ಆ ದಿನ ನನಗೆ ಸಲ್ಲಬೇಕಾದದ್ದನ್ನು ಸರಿಯಾಗಿ ಸಲ್ಲಿಸಿದವಳು ಅವಳೊಬ್ಬಳೇ.